ಹೊಂಬಾಳಮ್ಮ ಕಟ್ಟಿದ ಜಾಲರಿ ಕೋಣೆ

“ಕಣ್ಣೂ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗದೆ ಹೊಂಬಾಳಮ್ಮ ಒಂದು ದಿನವೂ ವೆಲ್ಡಿಂಗ್ ರಾಡನ್ನು ಕಬ್ಬಿಣಕ್ಕೆ ತಾಗಿಸಿದವಳಲ್ಲ. ಆ ಕೂಗು ಕೇಳಿದೊಡನೆ ಶಾಲೆಗೆ ಹೊರಟ ಮಕ್ಕಳು, ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವರು, ಬಸ್ಸಿಗೆ ನಿಂತವರು ಎಲ್ಲರೂ ಮುಖವನ್ನು ಆಚೆ ತಿರುಗಿಸುತ್ತಿದ್ದರು. ಆ ಬೆಳಕು ನೋಡಿದರೆ ಕಣ್ಣಿಗೆ ಮರಳು ಬಿದ್ದಂತಾಗುತ್ತದೆ ಎಂದು ಅವರಿಗೆಲ್ಲ ಪಾಠ ಹೇಳಿದವಳೂ ಅವಳೇ. ದಿನಕ್ಕೆ ನೂರು ಸಲ ಕೂಗಿದರೂ ದನಿ ಇಳಿಯುತ್ತಿರಲಿಲ್ಲ. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ, ಕಾಲಿಗೆ ಗಂಡಸರ ಬೂಟು, ಮುಂಗೈ ತುಂಬ ಒಗ್ಗರಣೆ ಸಿಡಿದಂತಹ ಸಣ್ಣ ಸಣ್ಣ ಕಲೆ. ಗೇಟು, ಕಿಟಕಿಯ ಗ್ರಿಲ್ಲು ಮಾಡುವ ಅಂಗಡಿಗಳು ಆಗ ಕನಕಪುರದಲ್ಲಿ ಹತ್ತಾರಿದ್ದವು. ಹೆಂಗಸು ವೆಲ್ಡಿಂಗ್ ಮಾಡುವ ಅಂಗಡಿ ನನಗೆ ಗೊತ್ತಿದ್ದ ಹಾಗೆ ಅದೊಂದೇ.

ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು. ಸಾತನೂರು ರಸ್ತೆಯಲ್ಲಿ ಅವಳ ಅಂಗಡಿಗೆ ಅಂಟಿದ ಮನೆಗೆ ಬಂದದ್ದು ಬಾಡಿಗೆ ಕಡಿಮೆಯೆಂಬ ಆಸೆಗೆ. ಯಾಕೆ ಕಡಿಮೆ ಎಂಬುದು ಮೊದಲ ಬೆಳಿಗ್ಗೆಯೇ ಗೊತ್ತಾಯಿತು. ನೈಟ್ ಡ್ಯೂಟಿ ಮುಗಿಸಿ ಬಂದು ಆಗತಾನೇ ತಲೆ ಊರಿದ್ದೆ, ದಿಂಬಿನ ಪಕ್ಕದಲ್ಲೇ ಎಂಬಂತೆ ಕಬ್ಬಿಣ ಉಜ್ಜುವ ಗ್ರೈಂಡರು ಕಿರುಚಿತು. ಜಗಳಕ್ಕೆಂದೇ ಎದ್ದು ಹೋದೆ. ಅವಳು ಮುಖದ ಗುರಾಣಿ ಇಳಿಸಿ ನನ್ನ ಬಿಳಿ ಸೀರೆಯನ್ನೂ ಕೆಂಪು ಕಣ್ಣನ್ನೂ ನೋಡಿದಳು.

“ನಿದ್ದೆ ಕೆಟ್ಟೋಯ್ತಾ ಸಿಸ್ಟರ್? ಬನ್ನಿ, ಒಸಿ ಕಾಪಿ ಕುಡೀರಿ. ಕೆಟ್ಟ ನಿದ್ದೆಯಂತೂ ವಾಪಸ್ ಬರಕಿಲ್ಲ.”

ಜಗಳ ಅಲ್ಲಿಗೆ ಕಾಫಿಯಲ್ಲಿ ಮುಗಿಯಿತು. ನನ್ನ ನೈಟ್ ಡ್ಯೂಟಿಯ ವಾರಗಳಲ್ಲಿ ಅವಳು ಹನ್ನೆರಡರ ತನಕ ಗ್ರೈಂಡರು ಮುಟ್ಟುತ್ತಿರಲಿಲ್ಲ. “ನಿಮಗೆ ಸುಸ್ತಾಗಲ್ವಾ ಹೊಂಬಾಳಮ್ಮ?” ಎಂದು ಒಮ್ಮೆ ಕೇಳಿದ್ದೆ. “ಸುಸ್ತು ಬರದು ಕುಂತ್ರೆ ಸಿಸ್ಟರ್. ನಿಂತೇ ಇದ್ರೆ ಅದುಕ್ಕೆ ಕೂರಕ್ಕೆ ಜಾಗ ಸಿಗಕಿಲ್ಲ” ಎಂದಳು. ಅಷ್ಟು ಹೇಳುವಾಗಲೂ ಅವಳ ಮುಖದಲ್ಲಿ ಎರಡು ಜನ್ಮದ ಸುಸ್ತಿತ್ತು.

ಅವಳ ಗಂಡ ಮರಿಯಣ್ಣನನ್ನು ಮೊದಮೊದಲು ನಾನು ಸೋಮಾರಿ ಎಂದುಕೊಂಡಿದ್ದೆ. ಹೆಂಡತಿ ಇಲ್ಲಿ ಬೆಂಕಿಯ ಮುಂದೆ ಬೇಯುತ್ತಿದ್ದರೆ ಈತ ರಸ್ತೆಯಾಚೆ ಹೊಂಗೆ ಮರದಡಿ ಕಲ್ಲಿನ ಮೇಲೆ ಕೂತು ಹುಕುಂ ಕೊಡುತ್ತಿದ್ದ. “ರಾಡು ದೂರ ಆಯ್ತು ಕಣಮ್ಮಿ! ಮಳೆ ಬಿದ್ದಂಗೆ ಕೇಳ್ತೈತೆ! ಬೋಂಡ ಕರಿದಂಗೆ ಕೇಳ್ಬೇಕು!” ಅವಳು ಇಲ್ಲಿಂದ, “ಬೋಂಡ ಬೇಕಾದ್ರೆ ಓಟ್ಲಿಗೋಗಿ!” ಎನ್ನುವಳು. ಬಸ್ಸು, ಲಾರಿಗಳ ಸದ್ದಿನ ನಡುವೆ ಗಂಡಹೆಂಡಿರ ಈ ಜುಗಲ್ಬಂದಿ ದಿನವಿಡೀ ನಡೆಯುತ್ತಿತ್ತು. ಆತ ರಸ್ತೆ ದಾಟಿ ಈಚೆಗೆ ಬಾರದಿರುವುದಕ್ಕೆ ಕಾರಣವಿದೆ ಎಂದು ನನಗೆ ಗೊತ್ತಾದದ್ದು ಒಂದು ಭಾನುವಾರ. ಮಡಿಸಿ ಮಡಿಸಿ ಹರಿಯುವಂತಾಗಿದ್ದ ಆಸ್ಪತ್ರೆಯ ಚೀಟಿಯೊಂದನ್ನು ಹಿಡಿದು ಬಂದು, “ಇದ್ನ ಒಂದ್ಸಲ ಓದಿ ಹೇಳಿ ಸಿಸ್ಟರ್” ಎಂದ. ಅದರಲ್ಲಿದ್ದುದು ಅವನಿಗೆ ಬಾಯಿಪಾಠವಾಗಿತ್ತು.

ಮರಿಯಣ್ಣ ಆ ಕಡೆಗೆಲ್ಲ ಹೆಸರಾದ ಕೆಲಸಗಾರ. ಸಾತನೂರಿನ ರೈತರಿಗೆ ರೇಷ್ಮೆ ಹುಳು ಸಾಕುವ ಕಬ್ಬಿಣದ ಸ್ಟ್ಯಾಂಡು, ಹೊಸ ಬಡಾವಣೆಗಳಿಗೆ ಗೇಟು. ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಏಳತೊಡಗಿದ ಮೇಲೆ ಶೆಡ್ಡು, ಏಣಿ, ತೊಲೆ. ಅಂಥ ಒಂದು ಶೆಡ್ಡಿನ ಏಣಿಯ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದಿದ್ದ. ನಾಡಿ ನಿಧಾನವಾಗಿ ನಿಂತುಹೋಗುವಷ್ಟಾಗಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎಡ ಭುಜದೆಲುಬಿನ ಕೆಳಗೆ ಪೇಸ್‌ಮೇಕರ್ ಇಟ್ಟು, ಇನ್ನು ವೆಲ್ಡಿಂಗ್ ಮುಟ್ಟಬೇಡ, ಮಾಡುವ ಕಡೆ ಹತ್ತಿರ ನಿಲ್ಲಬೇಡ, ಆ ಕರೆಂಟಿನ ಸೆಳೆತಕ್ಕೆ ಎದೆಯೊಳಗಿನ ಮಿಷನ್ನು ಲೆಕ್ಕ ತಪ್ಪೀತು ಎಂದು ಕಳಿಸಿದ್ದರು. ಹದಿನೈದು ವರ್ಷ ಅವನಿಗೆ ಕಬ್ಬಿಣ ಹಿಡಿದುಕೊಟ್ಟ ಹೊಂಬಾಳಮ್ಮ ಆಗ ರಾಡು ಸಿಕ್ಕಿಸುವ ಹೋಲ್ಡರನ್ನು ತಾನೇ ಕೈಗೆತ್ತಿಕೊಂಡಳು. ಅವನು ರಸ್ತೆಯಾಚೆ ಕೂತು, ಕಿವಿಯಲ್ಲೇ ಅವಳಿಗೆ ಕೆಲಸ ಕಲಿಸಿದ.

ಕಷ್ಟ ಶುರುವಾದದ್ದು ಮನೆಯೊಳಗೆ. ಅಂಗಡಿಗೂ ಅವರು ಮಲಗುವ ಕೋಣೆಗೂ ನಡುವೆ ಇದ್ದದ್ದು ಒಂದು ಗೋಡೆ. ಊಟವಾದ ಮೇಲೆ ಎರಡು ತಾಸು ಮಲಗಲೇಬೇಕೆಂದು ಡಾಕ್ಟರು ಹೇಳಿದ್ದರು. ಅವಳು ಕೆಲಸ ಮಾಡುತ್ತಿದ್ದರೆ ಅವನು ಒಳಗೆ ಕಾಲಿಡುತ್ತಿರಲಿಲ್ಲ. ಗೋಡೆಯಿದೆ, ದೂರವಿದೆ, ಏನೂ ಆಗದು ಎಂದು ಡಾಕ್ಟರೂ ಹೇಳಿದರು, ನಾನೂ ಹೇಳಿದೆ. “ಡಾಕ್ಟ್ರೇನು ವೆಲ್ಡಿಂಗ್ ಮಾಡವ್ರಾ ಸಿಸ್ಟರ್? ಇಟ್ಟಿಗೆ ಗೋಡೆ ಗಾಳಿ ತಡೀತದೆ. ಕರೆಂಟ್ ತಡೀತದಾ?” ಎಂದ. ಹಿಂದೆ ನಲವತ್ತಡಿ ಎತ್ತರದಲ್ಲಿ ಬೀಡಿ ಸೇದುತ್ತ ಕೆಲಸ ಮಾಡಿದವನು ಈಗ ಮಿಕ್ಸಿ ತಿರುಗಿದರೂ ಎದೆ ಹಿಡಿದುಕೊಳ್ಳುತ್ತಿದ್ದ. ಕೊನೆಗೆ, ವೆಲ್ಡಿಂಗ್ ಮಿಷನ್ನು ಮಾರಿ ಸಾತನೂರಿನಲ್ಲಿ ಅಣ್ಣನ ಮನೆ ಸೇರೋಣ, ಅಲ್ಲಿ ಹಸು ಕಟ್ಟಿಕೊಂಡಿರೋಣ ಎಂದು ಹಟ ಹಿಡಿದ.

ಹೊಂಬಾಳಮ್ಮ ನನ್ನ ಬಾಗಿಲಲ್ಲಿ ನಿಂತು ಹೇಳಿದಳು: “ಅಲ್ಲಿಗೋದ್ರೆ ಅವ್ರು ಕಾಯಿಲೆಯವ್ರು, ನಾನು ಆಳು. ಇಲ್ಲಾದ್ರೆ ಇಬ್ರೂ ಯಜಮಾನ್ರು. ನಾನು ಹೋಗಕಿಲ್ಲ ಸಿಸ್ಟರ್. ಅವ್ರಿಗೆ ನಿದ್ದೆ ಬರಂಗೆ ಏನಾದ್ರೂ ಮಾಡ್ಬೇಕು, ಅಷ್ಟೇಯ.”

ದಾರಿ ಸಿಕ್ಕಿದ್ದು ಮರಿಯಣ್ಣನ ಬಾಯಿಂದಲೇ. ಹಿಂದೊಮ್ಮೆ ಅವನು ಒಂದು ಫ್ಯಾಕ್ಟರಿಯಲ್ಲಿ ಏನೋ ಪರೀಕ್ಷೆ ಮಾಡುವ ಕೋಣೆಗೆ ಚೌಕಟ್ಟು ಮಾಡಿಕೊಟ್ಟಿದ್ದನಂತೆ. ಸುತ್ತ ತಗಡು, ಮೇಲೂ ಕೆಳಗೂ ತಗಡು, ಸಂದಿಗೆಲ್ಲ ತಂತಿಯ ಜಾಲರಿ. “ಅದ್ರೊಳೀಕೆ ಹೋದ್ರೆ ಮೊಬೈಲ್ ಸತ್ತೋಯ್ತದೆ. ಹೊರಗಿಂದು ಏನೂ ಒಳಗ್ ಬರಕಿಲ್ಲ” ಎಂದು ಅವನು ಸುಮ್ಮನೆ ಹೇಳಿದ ಮಾತನ್ನು ಅವಳು ಸುಮ್ಮನೆ ಬಿಡಲಿಲ್ಲ. ಗಂಡನನ್ನು ಇಪ್ಪತ್ತು ದಿನ ಸಾತನೂರಿಗೆ ಕಳಿಸಿ, ಗಿರಾಕಿಗಳ ಗೇಟುಗಳನ್ನು ಮೂಲೆಗೊರಗಿಸಿ, ಮಲಗುವ ಕೋಣೆಯೊಳಗೆ ಇನ್ನೊಂದು ಕಬ್ಬಿಣದ ಕೋಣೆ ಕಟ್ಟಿದಳು. ಅಂಗಡಿಯ ಕಡೆಗೆ ಗಟ್ಟಿ ತಗಡು, ಉಳಿದ ಕಡೆಗೆ, ಸೂರಿಗೆ, ಬಾಗಿಲಿಗೆ ಸಣ್ಣ ಕಣ್ಣಿನ ಜಾಲರಿ, ಮಂಚದಡಿಗೂ ತಗಡು. ತಾಗಿದ ಕರೆಂಟು ನೆಲಕ್ಕಿಳಿದುಹೋಗಲೆಂದು ಜಾಲರಿಯಿಂದ ಒಂದು ಕಬ್ಬಿಣದ ಪಟ್ಟಿ ಗೋಡೆ ತೂರಿ ಅಂಗಡಿಗೆ ಬಂದು, ಅಲ್ಲಿಂದ ತಂತಿಯಾಗಿ ಹಿತ್ತಲಿನ ಗುಂಡಿಗಿಳಿಯಿತು. ಗುಂಡಿಗೆ ಇದ್ದಿಲು, ಉಪ್ಪು. ಪ್ರತಿ ಬೆಳಿಗ್ಗೆ ಮುಖ ತೊಳೆದ ಮೇಲೆ ಆ ಗುಂಡಿಗೆ ಒಂದು ಬಿಂದಿಗೆ ನೀರು ಹುಯ್ದೇ ಅವಳು ಒಲೆ ಹಚ್ಚುತ್ತಿದ್ದಳು.

ಮರಿಯಣ್ಣ ಬಂದ. ಪರೀಕ್ಷೆಯಾಗದೆ ಒಳಗೆ ಹೋಗುವುದಿಲ್ಲ ಎಂದ. ನನ್ನ ಮೊಬೈಲನ್ನು ಮಂಚದ ಮೇಲಿಟ್ಟು ಬಾಗಿಲು ಹಾಕಿ, ಹೊಂಬಾಳಮ್ಮ ಎದುರಂಗಡಿಯ ಹಳದಿ ಕಾಯಿನ್ ಬಾಕ್ಸ್ ಫೋನಿನಿಂದ ನಂಬರು ಒತ್ತಿದಳು. ಒಳಗೆ ಮೊಬೈಲು ಠೀವಿಯಿಂದ ಹಾಡಿತು. “ಹೊಡ್ಕತೈತೆ! ಹೊಡ್ಕತೈತೆ!” ಎಂದು ಮರಿಯಣ್ಣ ರಸ್ತೆಯಾಚೆ ಓಡಿದ. ಅವಳು ಕಿಟಕಿಯ ಸಂದಿ ಮುಚ್ಚಿದಳು. ಮರುದಿನ ಮತ್ತೆ ಹಾಡಿತು. ಬಾಗಿಲ ಅಂಚಿಗೆ ಜಾಲರಿ ಮಡಿಸಿ ಬೆಸೆದಳು. ಮೂರನೆಯ ದಿನ ಅವಳು ನಂಬರು ಒತ್ತಿ ರಿಸೀವರನ್ನು ಗಂಡನ ಕಿವಿಗಿಟ್ಟಳು. ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಹೆಣ್ಣು ದನಿಯೊಂದು ಹೇಳಿತು. ಮರಿಯಣ್ಣ ಎರಡೆರಡು ಸಲ ಕೇಳಿಸಿಕೊಂಡು, ನಾನು ಅವನನ್ನು ಕಂಡ ಮೇಲೆ ಮೊದಲ ಸಲ ಹೊಟ್ಟೆ ತುಂಬ ನಕ್ಕ. “ಯಾರಾರ ಕೇಳಿದ್ರೆ ಹೇಳಮ್ಮಿ, ನಮ್ ಯಜಮಾನ್ರು ವ್ಯಾಪ್ತಿ ಪ್ರದೇಶದಿಂದ ಹೊರಗವ್ರೆ ಅಂತ!” ಎಂದು ಒಳಗೆ ಹೋಗಿ ಮಲಗಿದ. ಆ ಮಧ್ಯಾಹ್ನ ಅವನ ಗೊರಕೆ ನನ್ನ ಗೋಡೆಯ ಈಚೆಗೂ ಕೇಳಿತು. ಬೀದಿಯವರು ಅದನ್ನು ಮರಿಯಣ್ಣನ ಗೂಡು ಎಂದು ಕರೆದರು.

ಏಳು ತಿಂಗಳು ಚೆನ್ನಾಗಿಯೇ ಹೋಯಿತು. ಒಂದು ಮಧ್ಯಾಹ್ನ ಹೊಂಬಾಳಮ್ಮ ಬಂದು ನನ್ನ ಅಡುಗೆಮನೆಯ ನೆಲದ ಮೇಲೆ ಕುಸಿದಳು. ಕೈಯಲ್ಲಿ ಕಬ್ಬಿಣ ಕೊಯ್ಯುವ ಗರಗಸವಿತ್ತು. ಅವಳು ಹೇಳಿದ್ದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ವೆಲ್ಡಿಂಗ್ ಮಿಷನ್ನಿಗೆ ಎರಡು ವೈರು. ಒಂದರಲ್ಲಿ ಹೊರಟ ಕರೆಂಟು ರಾಡಿನಿಂದ ಕಬ್ಬಿಣಕ್ಕೆ ಹೋಗಿ, ಇನ್ನೊಂದರ ತುದಿಯ ಕ್ಲಿಪ್ಪಿನಿಂದ ಮಿಷನ್ನಿಗೆ ಮರಳಬೇಕು. ಕ್ಲಿಪ್ಪನ್ನು ಕೆಲಸದ ಕಬ್ಬಿಣಕ್ಕೇ ಕಚ್ಚಿಸಬೇಕು. ಆದರೆ ಪ್ರತಿ ಸಲ ಬಿಚ್ಚಿ ಕಚ್ಚಿಸುವ ಬೇಸರಕ್ಕೆ ಕೈಗೆ ಸಿಕ್ಕ ಕಿಟಕಿಗೋ ಕಂಬಕ್ಕೋ ಸಿಕ್ಕಿಸಿಬಿಡುವುದು ಇಂಥ ಅಂಗಡಿಗಳ ರೂಢಿ. ಅವಳ ಕೈಗೆ ಸಿಕ್ಕಿದ್ದು ಗೋಡೆಯಿಂದ ಹೊರಬಂದ ಆ ಪಟ್ಟಿ. ಕೆಲಸದ ಕಬ್ಬಿಣದ ಮೇಜನ್ನೋ, ಅಲುಗಾಡದಿರಲೆಂದು ಗೋಡೆ ತೂರಿದ ಕಂಬಿಯಿಂದ ಒಳಗಿನ ಚೌಕಟ್ಟಿಗೇ ಬೆಸೆದಿದ್ದಳು. ಮೇಜಿಗೂ ಪಟ್ಟಿಗೂ ನಡುವೆ ಇದ್ದ ಕಬ್ಬಿಣವೆಂದರೆ ಗಂಡ ಮಲಗುವ ಕೋಣೆಯೇ. ಆ ದಿನ ಪಟ್ಟಿಗೆ ಕೈ ತಗುಲಿ ಸುಟ್ಟಾಗಲೇ ಅವಳಿಗೆ ಹೊಳೆದದ್ದು.

“ನಾನು ರಾಡ್ ಇಟ್ಟಾಗೆಲ್ಲ ಅವ್ರ ಸುತ್ತಾನೇ ಕರೆಂಟ್ ಹರಿದೈತೆ ಸಿಸ್ಟರ್. ಆಚೆ ಇದ್ದದ್ನ ನಾನೇ ಕೈ ಹಿಡ್ಕಂಡು ಒಳೀಕೆ ಬುಟ್ಟಿವ್ನಿ. ಈಗ್ಲೂ ಒಳಗೆ ಮನಿಕ್ಕಂಡವ್ರೆ. ಸದ್ದಾಗ್ದಂಗೆ ಪಟ್ಟಿ ಕುಯ್ದಾಕ್ದೆ, ಮೇಜೂ ಬಿಡಿಸ್ದೆ.” ಆಮೇಲೆ ನನ್ನ ಕೈ ಹಿಡಿದು, “ಕಬ್ಬಾಳಮ್ಮನಾಣೆ, ಅವ್ರಿಗೆ ಹೇಳ್ಬ್ಯಾಡಿ. ಗೊತ್ತಾದ್ರೆ ಈ ಮನೇಲಿ ಇನ್ನೊಂದಿನ ಮನಗಕಿಲ್ಲ” ಎಂದಳು. ನಾನು ಮಾತು ಕೊಟ್ಟೆ.

ಮುಂದಿನ ಭಾನುವಾರ ಮರಿಯಣ್ಣ ಎಂದಿನಂತೆ ನಾಡಿ ನೋಡಿಸಿಕೊಳ್ಳಲು ಬಂದ. ನಾಡಿ ಸರಿಯಾಗಿಯೇ ಇತ್ತು. ಕೈ ಹಿಂದೆಗೆದುಕೊಳ್ಳುತ್ತ ಮೆಲ್ಲಗೆ ಹೇಳಿದ: “ಪಟ್ಟಿ ಕುಯ್ದಾಕವ್ಳೆ. ಈಗ ಗೊತ್ತಾಗೈತೆ ಅವ್ಳಿಗೆ.”

“ನಿಮಗೆ ಮೊದಲೇ ಗೊತ್ತಿತ್ತಾ?”

“ಕ್ಲಿಪ್ಪು ಎಲ್ಲೈತೆ ಅಂತ ನೋಡ್ದೆ ವೆಲ್ಡರ್ ಆದವ್ನು ಇರಕ್ಕಾಯ್ತದಾ ಸಿಸ್ಟರ್? ಒಳಗೆ ಮನಿಕ್ಕಂಡ ಎಲ್ಡನೇ ದಿನಾನೇ ನೋಡ್ದೆ. ಜೀವ ಬಾಯಿಗೆ ಬಂತು. ಸುಮ್ನೆ ಮನಿಕ್ಕಂಡೆ. ಸಾಯ್ಲಿಲ್ಲ. ನಾಕು ದಿನ ಆದ್ಮೇಲೆ ನಿದ್ದೆಯೂ ಬಂತು.” ಬಾಗಿಲತ್ತ ಒಮ್ಮೆ ನೋಡಿ, “ಅಷ್ಟು ಕಷ್ಟ ಬಿದ್ದು ಕಟ್ಟವ್ಳೆ. ಹಿಂಗಾಗೈತೆ ಅಂತಂದ್ರೆ ಅವ್ಳು ಇನ್ಯಾವತ್ತೂ ಹೋಲ್ಡರ್ ಮುಟ್ಟಕಿಲ್ಲ. ನೀವು ಬಾಯ್ ಬಿಡ್ಬ್ಯಾಡಿ” ಎಂದ. ಅವನಿಗೂ ಮಾತು ಕೊಟ್ಟೆ.

ಆಮೇಲೆ ಆ ಮನೆಯ ಮಾತು ಕಡಿಮೆಯಾಗುತ್ತ ಬಂತು. ಎಲ್ಲಿ ಕ್ಲಿಪ್ಪಿನ ಸುದ್ದಿ ಬಂದೀತೋ ಎಂದು ಮರಿಯಣ್ಣ ರಸ್ತೆಯಾಚೆಯಿಂದ ತಪ್ಪು ಹೇಳುವುದನ್ನು ಬಿಟ್ಟ. ಅವಳು ಅವನಿಗೆ ಊಟಕ್ಕಿಟ್ಟು ತಾನು ಅಡುಗೆಮನೆಗೆ ಸರಿಯುತ್ತಿದ್ದಳು. ಕೆಲಸ ಮಾತ್ರ ಕೈತುಂಬ ಇತ್ತು. ನಾನು ಇಬ್ಬರನ್ನೂ ನೋಡುತ್ತಿದ್ದೆ, ಡ್ಯೂಟಿಗೆ ಹೋಗುತ್ತಿದ್ದೆ, ಬಂದು ಮಲಗುತ್ತಿದ್ದೆ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಮರಿಯಣ್ಣ ಮುದ್ದೆ ಉಂಡು ಮಲಗಿದವನು ಏಳಲಿಲ್ಲ. ಅವಳು ಆಚೆ ಗೇಟು ಬೆಸೆಯುತ್ತಿದ್ದಳು. ನನ್ನನ್ನು ಕರೆದಾಗ ಮೈ ತಣ್ಣಗಾಗಿತ್ತು. ಅವಳು ಅಳದೆ ಕೇಳಿದ್ದು ಒಂದೇ ಮಾತು, “ಎದೆ ಒಳಗಿಂದು ಇನ್ನೂ ಹೊಡ್ಕತಿರ್ತದಾ ಸಿಸ್ಟರ್?” ನಾನು ಹೊದಿಕೆ ಎಳೆದು ಅವನ ಎದೆ ಮುಚ್ಚಿದೆ.

ಅವಳನ್ನು ಕೊನೆಯ ಸಲ ಕಂಡದ್ದು ಅದಾಗಿ ನಾಲ್ಕು ತಿಂಗಳಿಗೆ, ನನಗೆ ಮಾಗಡಿಗೆ ವರ್ಗವಾದಾಗ. ಅಂಗಡಿ ಅಷ್ಟು ದಿನವೂ ಮುಚ್ಚಿತ್ತು. ಹೇಳಿ ಹೋಗೋಣವೆಂದು ಒಳಗೆ ಹೋದರೆ ಅವಳು ಜಾಲರಿಯೊಳಗೆ ಮಂಚದ ಮೇಲೆ ಕೂತಿದ್ದಳು. ಕೂತ ಹೊಂಬಾಳಮ್ಮನನ್ನು ನೋಡಿ ನನಗೆ ಅಭ್ಯಾಸವಿರಲಿಲ್ಲ.

“ಎಲ್ಡು ಗೇಟ್ ಕೆಲ್ಸ ಬಂದಿದ್ವು. ವಾಪಸ್ ಕಳಿಸ್ದೆ. ಹೋಲ್ಡರ್ ಮುಟ್ಟಕ್ಕಾಗಕಿಲ್ಲ. ನಾನೇ ಕೊಂದ್ಬುಟ್ಟೆ ಕಣ್ ಸಿಸ್ಟರ್ ಅವ್ರ್ನ.”

ಪಟ್ಟಿ ಕೊಯ್ದು ಎರಡು ವರ್ಷವಾಗಿತ್ತು, ಆಮೇಲೆ ಎಷ್ಟೋ ಸಲ ಬೆಂಗಳೂರಿನಲ್ಲಿ ಮಿಷನ್ನು ಪರೀಕ್ಷಿಸಿ ಸರಿಯಿದೆ ಎಂದಿದ್ದರು, ಹೃದಯದ ಕಾಯಿಲೆಯವರು ಹೀಗೆ ಹೋಗುವುದುಂಟು ಎಂದೆಲ್ಲ ಹೇಳಿದೆ. ಆಸ್ಪತ್ರೆಯವರು ಎಲ್ಲರಿಗೂ ಹೇಳುವ ಮಾತು ಎಂಬಂತೆ ಕೇಳಿದಳು. ಆಗ ಸತ್ತವನಿಗೆ ಕೊಟ್ಟ ಮಾತು ಮುರಿದೆ. ಅವನಿಗೆ ಎರಡನೆಯ ದಿನದಿಂದಲೂ ಗೊತ್ತಿತ್ತು, ಗೊತ್ತಿದ್ದೂ ಮಲಗುತ್ತಿದ್ದ, ನಿದ್ದೆಯೂ ಬರುತ್ತಿತ್ತಂತೆ ಎಂದು 
ಎಲ್ಲವನ್ನೂ ಹೇಳಿದೆ. ಸಮಾಧಾನವಾದೀತು ಎಂದುಕೊಂಡಿದ್ದೆ.

ಅವಳು ನನ್ನ ಕಡೆ ತಿರುಗಿದಳು.

“ಯಾವತ್ತು ಹೇಳಿದ್ರು ನಿಮ್ಗೆ?”

“ನೀವು ಪಟ್ಟಿ ಕೊಯ್ದ ಮುಂದಿನ ಭಾನುವಾರ.”

“ಎಲ್ಡು ವರ್ಸ ಸಿಸ್ಟರ್. ಎಲ್ಡು ವರ್ಸ ನಾನು ಅವ್ರ ಮಖ ನೋಡಕ್ಕೆ ಹೆದರ್ಕಂಡು ಅಡಿಗೆಮನೇಲಿ ನಿಂತ್ಕಂಡಿದ್ದೆ. ಅವ್ರಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ನೀವೊಂದ್ ಮಾತು ಅಂದಿದ್ರೆ ಇಬ್ರೂ ಕುಂತ್ಕಂಡು ಒಂದ್ಸಲ ನಕ್ಕುಬುಡ್ತಿದ್ವಲ್ಲ.”

ಇಬ್ಬರಿಗೂ ಮಾತು ಕೊಟ್ಟಿದ್ದೆ ಎಂದು ಹೇಳಬಹುದಿತ್ತು. ನಿಜ ಅಷ್ಟು ದೊಡ್ಡದಾಗಿರಲಿಲ್ಲ. ಇವರದು ಅವರಿಗೆ ಹೇಳಬೇಡಿ, ಅವರದು ಇವರಿಗೆ ಹೇಳಬೇಡಿ ಎಂಬುದನ್ನು ವಾರ್ಡಿನಲ್ಲಿ ದಿನವೂ ಕೇಳಿ ಬರುತ್ತಿದ್ದವಳಿಗೆ ಮನೆಯ ಪಕ್ಕದಲ್ಲೂ ಅದೇ ಆದಾಗ ಸುಮ್ಮನಿರುವುದು ಸುಲಭವಾಗಿತ್ತು. ನನಗೆ ಸುಸ್ತಾಗಿತ್ತು, ಅಷ್ಟೇ. ಅದನ್ನು ಹೇಳಲಾರದೆ ಅವಳ ಕೈ ಹಿಡಿದುಕೊಂಡು ಮಂಚದ ಮೇಲೆ ಕೂತೆ. ಹೊಂಬಾಳಮ್ಮನೇ, “ಏಳಿ ಸಿಸ್ಟರ್, ಬಸ್ಸಿಗೆ ಹೊತ್ತಾಯ್ತದೆ” ಎಂದು ಕೈ ಬಿಡಿಸಿಕೊಂಡಳು.