ಕೆಂಪು ಚಿಂದಿ ಕಟ್ಟಿಸಿಕೊಂಡ ಮೂರು ಕೋಳಿಗಳು

ನನ್ನ ಡೈರಿಯಲ್ಲಿ ಮೊನ್ನೆ ಸೋಮವಾರದ ಪುಟ ಹೀಗಿದೆ: ಬೆಳಗ್ಗೆ ಏಳರಿಂದ ಏಳೂವರೆ. ಕುಕ್ಕಿದ್ದು ಮೂವತ್ತನಾಲ್ಕು ಸಲ. ಕುಕ್ಕಿದವರು ನಮ್ಮವರು. ಕುಕ್ಕಿಸಿಕೊಂಡವರು ಅತ್ತಿಗೆಯವರು.

ಗಾಬರಿ ಬೇಡ, ಕೋಳಿಗಳ ವಿಷಯ. (ಮನುಷ್ಯರ ಲೆಕ್ಕ ಇಡಲು ಅಷ್ಟು ಪುಟ ಎಲ್ಲಿಂದ ತರಲಿ?)

ಕೊತ್ತತ್ತಿಯ ನಮ್ಮ ಹಿತ್ತಲಲ್ಲಿ ಅವ್ವ ಸಾಕಿದ ಏಳು ನಾಟಿ ಕೋಳಿಗಳಿವೆ. ಅಣ್ಣನ ಮದುವೆಯಾಗಿ ಮೂರು ತಿಂಗಳು. ಅತ್ತಿಗೆ ಮಳವಳ್ಳಿ ಕಡೆಯವರು. ತವರಿಗೆ ಹೋಗಿದ್ದವರು ಭಾನುವಾರ ಬರುವಾಗ, ತಾವೇ ಮರಿಯಿಂದ ಸಾಕಿದ ಮೂರು ಹ್ಯಾಟೆ ಕೋಳಿಗಳನ್ನು ಬುಟ್ಟಿಯಲ್ಲಿ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು.

"ಅತ್ತೆ, ಒಂದು ಮಂಕರಿ ಕೊಡಿ. ಗೂಡಿನ ಪಕ್ಕ ಇವನ್ನ ಅದರಡಿ ಒಂದ್ವಾರ ಮುಚ್ಚಿಡ್ತೀನಿ. ಬುಟ್ಟಿ ಸಂದೀಲಿ ಒಂದರ ಮುಖ ಒಂದು ನೋಡ್ಕಂಡು ಒಗ್ಗಲಿ" ಎಂದರು.

ಅವ್ವ ನಕ್ಕಿತು. "ಕೋಳಿಗೂ ಸಾಸ್ತ್ರ ಮಾಡ್ಬೇಕಾ? ಸುಮ್ಕೆ ಬುಡಮ್ಮಿ. ಎರಡು ದಿನ ಕುಕ್ತವೆ, ಆಮ್ಯಾಕೆ ಒಗ್ಗೋಯ್ತವೆ."

ಬಿಟ್ಟೆವು. ಅದಕ್ಕೆ ಮೊದಲು ನನ್ನ ಸೇವೆಯೂ ನಡೆಯಿತು. ಬಂದವುಗಳಲ್ಲಿ ಎರಡು ನೋಡಲು ಥೇಟ್ ನಮ್ಮವೇ. ಲೆಕ್ಕ ತಪ್ಪಬಾರದಲ್ಲ? ಪಕ್ಕದ ಮನೆಯವರ ಗೂಡಿಗೆ ಹೋದರೆ ಗುರುತು ಸಿಗಲಿ ಎಂದು ನಮ್ಮೂರಲ್ಲಿ ಕೋಳಿಯ ಕಾಲಿಗೆ ಬಟ್ಟೆ ಕಟ್ಟುವುದು ಇದ್ದದ್ದೇ. ಅವ್ವನ ಹಳೇ ಕೆಂಪು ರವಿಕೆ ಹರಿದು ಮೂರಕ್ಕೂ ಒಂದೊಂದು ಚಿಂದಿ ಕಟ್ಟಿದೆ. ನೀಟಾಗಿ.

ಮಂಗಳವಾರ ನಲವತ್ತೊಂದು. ಬುಧವಾರ ಐವತ್ತೆರಡು. ನಮ್ಮವು ದಿನಕ್ಕೆ ನಾಲ್ಕು ಮೊಟ್ಟೆ ಇಟ್ಟವು, ಅತ್ತಿಗೆಯವು ಸೊನ್ನೆ. ಮೂರರಲ್ಲಿ ಬಿಳಿಯದು ಕುಂಟತೊಡಗಿತು. ನುಚ್ಚು ಹಾಕಿದರೂ ಸೌದೆ ರಾಶಿಯ ಹಿಂದಿನಿಂದ ಈಚೆಗೆ ಬರಲಿಲ್ಲ.

ಆಗ ಶುರುವಾಯಿತು ನೋಡಿ ನಮ್ಮ ಮನೆಯ ವಿದ್ವತ್ತು. ಅಣ್ಣನ ಪ್ರಕಾರ ಮಳವಳ್ಳಿ ಕೋಳಿಗಳಿಗೆ ಕೊಬ್ಬು. ಪಕ್ಕದ ಮನೆ ದೊಡ್ಡವ್ವನ ಪ್ರಕಾರ ಅವಕ್ಕೆ ಅಡ್ಜಸ್ಟ್ ಆಗೋ ಬುದ್ಧಿಯೇ ಇಲ್ಲ. ಮಂಡ್ಯದ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವರು, ಜೀವಮಾನದಲ್ಲಿ ಕೋಳಿಯನ್ನು ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಮುಟ್ಟದವರು, "ಹೊಸದರಲ್ಲಿ ಹಂಗೇ ರೀ, ತಡ್ಕೋಬೇಕು" ಎಂದರು. ತಡೆದುಕೊಳ್ಳಬೇಕಾದದ್ದು ಯಾರು? ಕಾಲಿನ ಚರ್ಮ ಕಿತ್ತು ಹೋದದ್ದು. ಕುಕ್ಕುವವರ ಬುದ್ಧಿಯ ಬಗ್ಗೆ ಒಬ್ಬರಾದರೂ ತುಟಿ ಬಿಚ್ಚಬೇಕಲ್ಲ!

ಬುಧವಾರ ಸಂಜೆ ಅವ್ವ ತೀರ್ಪು ಕೊಟ್ಟೇಬಿಟ್ಟಿತು. "ನಿಮ್ ಕಡೆ ಕೋಳಿ ಬೋ ನಾಜೂಕು ಕಣಮ್ಮಿ. ಭಾನುವಾರ ನಿಮ್ಮಪ್ಪಾರು ಬತ್ತಾರಲ್ಲ, ಅಷ್ಟೊತ್ಗೆ ಯಾವ್ದು ಒಗ್ಗಕಿಲ್ವೋ ಅದು ಸಾರಿಗೆ."

ಮಗಳು ಸಾಕಿದ ಕೋಳಿಯನ್ನು ಕುಯ್ದು ಅಪ್ಪನಿಗೇ ಬಡಿಸುವ ಬೀಗರೂಟ! ಪಾತ್ರೆ ತೊಳೆಯುತ್ತಿದ್ದ ಅತ್ತಿಗೆಯ ಕೈ ನಿಂತಿತು.

ಗುರುವಾರ ನನ್ನ ಹತ್ತಿರ ಬಂದರು. "ನಿನ್ ಡೈರೀಲಿ ಎಲ್ಲಿಗೆ ಕುಕ್ಕಿದ್ವು ಅಂತಾನೂ ಬರ್ದಿದೀಯಾ?"

ಬರೆಯದೆ ಇರುತ್ತೇನೆಯೇ? ಅದಕ್ಕೇ ಒಂದು ಕಾಲಂ ಇದೆ. ಹೆಮ್ಮೆಯಿಂದ ಓದಿದೆ: ಕಾಲು, ಕಾಲು, ಬೆನ್ನು, ಕಾಲು, ಕಾಲು...

"ಸಾಕು ನಿಲ್ಸು. ಕೆಂಪು ಕಂಡ್ರೆ ಕೋಳಿ ರಕ್ತ ಅಂದ್ಕತವೆ. ಬಿಚ್ಚಮ್ಮಿ ಆ ಚಿಂದೀನ."

ಮೂರು ದಿನಕ್ಕೆ ನೂರ ಇಪ್ಪತ್ತೇಳು ಕುಕ್ಕು ಎಣಿಸಿದ್ದೆ. ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ಹೊಸಬರ ಮೈಮೇಲೆ ಗುರುತು ಅಂಟಿಸಿದ್ದೂ ನಾನೇ, ಅವರಿಗೆ ಯಾಕೆ ಏಟು ಬೀಳುತ್ತಿದೆ ಎಂದು ಪೆನ್ನು ಹಿಡಿದು ಕೂತಿದ್ದೂ ನಾನೇ. ಇದಕ್ಕೆ ಶಿಸ್ತು ಅಂತ ಬೇರೆ ಹೆಸರು!

ಚಿಂದಿ ಬಿಚ್ಚಿದೆವು. ಅತ್ತಿಗೆ ಬಿಳಿ ಕೋಳಿಯ ಕಾಲಿಗೆ ಅರಿಶಿನ ಮೆತ್ತಿ, ನುಚ್ಚನ್ನು ಒಂದೇ ಕಡೆ ಸುರಿಯದೆ ಎರಡು ಕಡೆ ಹರಡಿದರು. ಶುಕ್ರವಾರ ಹತ್ತೊಂಬತ್ತು. ಶನಿವಾರ ಹನ್ನೊಂದು. ಆ ಹನ್ನೊಂದರಲ್ಲಿ ಒಂಬತ್ತು ಒಬ್ಬಳದೇ: ಅವ್ವನ ಮುದ್ದಿನ ಕರಿ ಹ್ಯಾಟೆ. ತನ್ನ ಪಾಲು ತಿಂದು, ಅಂಗಳ ದಾಟಿ ಇನ್ನೊಂದು ಕಡೆಗೂ ಹೋಗಿ ಕುಕ್ಕಿ ಬರುತ್ತಿತ್ತು.

ಭಾನುವಾರ ಬೆಳಗ್ಗೆ ಅವ್ವ ಅಣ್ಣನನ್ನು ಕರೆಯಿತು. "ಲೋ, ಆ ಕುಂಟು ಬಿಳೇದ ಹಿಡ್ಕಂಡ್ ಬಾರ್ಲಾ."

ಅಣ್ಣ ಏಳುವಷ್ಟರಲ್ಲಿ ಅತ್ತಿಗೆ ಹಿತ್ತಲಿಗೆ ಹೋಗಿದ್ದರು. ಕಂಕುಳಲ್ಲಿ ಕೋಳಿ ಅವುಚಿಕೊಂಡು ಬಂದರು. ಬಿಳಿಯದಲ್ಲ. ಕರಿಯದು.

"ತಕಳಿ ಅತ್ತೆ."

"ಅಯ್ಯೋ, ಅದ್ಯಾಕಮ್ಮಿ! ಮೊಟ್ಟೆ ಇಕ್ಕೋ ಹ್ಯಾಟೆ ಅದು!"

"ಅವೂ ಇಕ್ಕೋವೇ ಅತ್ತೆ, ಇಲ್ಲಿಗೆ ಬಂದ್ಮೇಲೆ ನಿಲ್ಸಿದ್ದು. ಒಗ್ಗದೆ ಇರೋದು ಸಾರಿಗೆ ಅಂದ್ರಲ್ಲ? ಒಗ್ಗದೆ ಇರೋದು ಇದೊಂದೇ."

ಅವ್ವ ಕೋಳಿಯನ್ನು ನೋಡಿತು. ಸೊಸೆಯನ್ನು ನೋಡಿತು. ಕರಿಯದನ್ನು ಕಿತ್ತುಕೊಂಡು ಹಿತ್ತಲಿಗೆ ಬಿಟ್ಟು ಬಂದು ಒಲೆಯ ಮುಂದೆ ಕೂತಿತು. ಅಣ್ಣ ಗಂಡಸಿನಂತೆ ಬೈಕಿನ ಕೀ ಹುಡುಕಿಕೊಂಡು ಮಂಡ್ಯಕ್ಕೆ ಪರಾರಿಯಾದ. ಬರುವಾಗ ಕರಿ ಕವರಿನಲ್ಲಿ ಫಾರಂ ಕೋಳಿ.

ಬೀಗರಿಗೆ ಫಾರಂ ಕೋಳಿ! ಬೇರೆ ಮನೆಯಲ್ಲಿ ಹೀಗಾಗಿದ್ದರೆ ಅವ್ವ ಮೂರು ವರ್ಷ ಆಡಿಕೊಳ್ಳುತ್ತಿತ್ತು. ಅಂದು ತಾನೇ ತಲೆ ಬಗ್ಗಿಸಿ ಬಡಿಸಿತು. ಅಷ್ಟು ಮಾನ ಕಳೆದುಕೊಳ್ಳಲು ತಯಾರು, "ನಂದೇ ತಪ್ಪಾಯ್ತು ಕಣಮ್ಮಿ" ಎನ್ನಲು ಮಾತ್ರ ಬಾಯಿ ಬರಲಿಲ್ಲ. ಅತ್ತಿಗೆಯ ಅಪ್ಪ ದೊಡ್ಡ ಮನುಷ್ಯರು. ಸಾರಿನ ಸುದ್ದಿ ಎತ್ತದೆ, "ಮುದ್ದೆ ಚೆನ್ನಾಗೈತೆ" ಎಂದು ಕೈ ತೊಳೆದರು.

'ಹೊಂದಿಕೊಂಡು ಹೋಗು' ಎನ್ನುವ ಬುದ್ಧಿಮಾತನ್ನು, ಮೊದಲಿಂದ ಇದ್ದವರಿಗೆ ಯಾರಾದರೂ ಹೇಳಿದ್ದನ್ನು ನೀವು ಒಂದು ಸಲವಾದರೂ ಕೇಳಿದ್ದೀರಾ?