ಕಂಪ್ಯೂಟರಿಗೆ ಕೊಟ್ಟ ದನಿ

ರಜೆ ಮುಗಿದು ಇವತ್ತು, ನಾನು ಪಾಠ ಮಾಡುವ ಚಾಮರಾಜನಗರದ ಶಾಲೆಯ ಕಂಪ್ಯೂಟರ್ ಕೋಣೆ ತೆಗೆದೆ. ಮೊದಲ ಯಂತ್ರ ಬಿಸಿಯಾಗುತ್ತಿದ್ದಂತೆ ಸುಟ್ಟ ದೂಳಿನ ವಾಸನೆ ಬಂತು. ನಿಮಗದು ಬರೀ ದೂಳು, ನನಗೆ ವಿನುತಕ್ಕ.

ಹಳ್ಳಿ ಶಾಲೆಗಳಿಗೆ ಒಂದೊಂದೇ ಕಂಪ್ಯೂಟರ್ ಬರುತ್ತಿದ್ದ ಕಾಲ ಅದು. ಆಟವಾಡುತ್ತಲೇ ಮಕ್ಕಳು ಅದರಲ್ಲಿ ಲೆಕ್ಕ ಕಲಿಯಬಹುದೇ ಎಂದು ಸಂಶೋಧನೆ ಮಾಡಲು ಬಂದ ವಿನುತಕ್ಕ, ಗುಂಡ್ಲುಪೇಟೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ನನ್ನ ಹತ್ತನೆಯ ತರಗತಿ ಮುಗಿದಿತ್ತು. ಓದು ಇಷ್ಟು ಸಾಕೆಂದು ಅಬ್ಬಾ ತೀರ್ಮಾನಿಸಿದ್ದರು. ಮನೆಯಲ್ಲಿ ನಮ್ಮದು ಉರ್ದು. ಕನ್ನಡ ಕಲಿತದ್ದು ಅಬ್ಬಾನ ಈರುಳ್ಳಿ ವ್ಯಾಪಾರದ ಮಂಡಿಯಲ್ಲಿ, ಅಲ್ಲಿ ಕಾಯಿ ಆರಿಸುವ ಹೆಂಗಸರಿಂದ. ಅದನ್ನು ಕೇಳಿ ಶಾಲೆಯಲ್ಲಿ ನಗದವರಿಲ್ಲ.

ಒಂದು ಸಂಜೆ ವಿನುತಕ್ಕ ಸಪ್ಪಗೆ ಬಂದರು. ಈರುಳ್ಳಿ ಎಣಿಸುವ ಅವರ ಆಟ 'ದಯವಿಟ್ಟು ಸರಿಯಾದ ಉತ್ತರವನ್ನು ಆಯ್ಕೆಮಾಡಿ' ಎಂದೊಡನೆ ಉಡಿಗಾಲ ಎಂಬ ಹಳ್ಳಿಯ ಶಾಲೆಯ ಮಕ್ಕಳು ಸಾಹೇಬರು ಬಂದಂತೆ ಕೈಕಟ್ಟಿ ಕೂತರಂತೆ. ದಿನವೂ ನನ್ನ ಮಂಡಿ ಕನ್ನಡ ಕೇಳುತ್ತಿದ್ದವರು, ಇದಕ್ಕೆ ನಿನ್ನ ಮಾತಿನಲ್ಲೇ ನೀನೇ ದನಿ ಕೊಡು ಅಂದರು. ಹೆಣ್ಣುಮಗಳ ದನಿ ಊರೂರು ತಿರುಗುವುದೇ ಎಂದು ಅಬ್ಬಾ ಗೊಣಗಿದರು. ಎಣಿಸುವುದು ಈರುಳ್ಳಿ ತಾನೇ ಎಂದು ಅಮ್ಮಿ ಒಪ್ಪಿಸಿದರು.

ದನಿ ಮುದ್ರಿಸಿಕೊಳ್ಳುವ ದಿನ ನಾನು ಹಬ್ಬದ ಚೂಡಿದಾರ್ ತೊಟ್ಟು, ಮುಖಕ್ಕೆ ಪೌಡರ್ ಬಳಿದು ಹೋದೆ. ವಿನುತಕ್ಕ ನಗಲಿಲ್ಲ. ಲಾರಿಗಳ ಸದ್ದು ಬಾರದಂತೆ ಕಿಟಕಿಗೆ ಕೌದಿ ಕಟ್ಟಿದರು. ಮುಚ್ಚಿದ ಕೋಣೆಯಲ್ಲಿ ಕಂಪ್ಯೂಟರ್ ಬಿಸಿಯಾಗಿ ಇದೇ ಸುಟ್ಟ ದೂಳಿನ ವಾಸನೆ ತುಂಬಿತ್ತು.

ಆಟವನ್ನು ಮತ್ತೆ ಉಡಿಗಾಲಕ್ಕೆ ಒಯ್ದ ದಿನ, ನನ್ನನ್ನು ಕಳಿಸಲು ಮನಸ್ಸಿಲ್ಲದೆ ಅಬ್ಬಾನೂ ಜೊತೆಗೆ ಬಂದರು. ಶಾಲೆಯಲ್ಲಿ ಒಬ್ಬ ಪುಟ್ಟ ಹುಡುಗಿ ಮೌಸ್ ಹಿಡಿದಳು, ತಪ್ಪಿದಳು.

"ಇನ್ನೊಂದ್ಸಲ ಎಣ್ಸು ಕಣಮ್ಮಿ, ಅವಸ್ರ ಇಲ್ಲ" ಅಂತು ಪೆಟ್ಟಿಗೆಯೊಳಗಿನ ನನ್ನ ದನಿ.

ಹುಡುಗಿ ತಲೆಯೆತ್ತದೆ, "ಇರಮ್ಮಿ, ಎಣಿಸ್ತಾವ್ನಿ" ಅಂದಳು.

ಮಕ್ಕಳೆಲ್ಲ ಪರದೆಗೆ ಮುಗಿಬಿದ್ದು ಒಟ್ಟಿಗೆ ಎಣಿಸತೊಡಗಿದರು. ನಾಚಿ ನಾನು ಅಬ್ಬಾನ ಕಡೆ ನೋಡಿದೆ. ಅವರು ಟೋಪಿ ತೆಗೆದು ಸುಮ್ಮನೆ ಅದರ ಅಂಚು ಸವರುತ್ತಿದ್ದರು.

ವಾಪಸು ಬರುವ ಬಸ್ಸಿನಲ್ಲಿ ಅಬ್ಬಾ ಮುಂದಿನ ಸೀಟಿಗೆ ಬಾಗಿ ವಿನುತಕ್ಕನನ್ನು ಕೇಳಿದರು: "ನಿಮ್ಮಂಗೆ ಓದೋ ಹೆಣ್ಮಕ್ಳು ಎಲ್ಲಿ ಉಳ್ಕೋತಾರಮ್ಮ? ಹಾಸ್ಟೆಲ್ ಗೀಸ್ಟೆಲ್ ಇರ್ತದಾ?"

ನಾನು ಕಿಟಕಿಯಾಚೆ ನೋಡುತ್ತಲೇ ವಿನುತಕ್ಕನ ಉತ್ತರಕ್ಕೆ ಕಿವಿಗೊಟ್ಟೆ.

ಆ ಆಟ ಎಷ್ಟು ಮಕ್ಕಳಿಗೆ ಲೆಕ್ಕ ಕಲಿಸಿತೋ ತಿಳಿಯದು. ವಿನುತಕ್ಕ ಸಂಶೋಧನೆ ಮುಗಿಸಿ ಹೊರಟುಹೋದರು. ನಾನು ಆ ವರ್ಷವೇ ಮುಂದೆ ಓದಲು ಇದೇ ಚಾಮರಾಜನಗರದ ಹಾಸ್ಟೆಲ್ ಸೇರಿದೆ. ಟ್ರಂಕು ಹೊತ್ತು ತಂದವರು ಅಬ್ಬಾನೇ.

ಗಂಟೆ ಹೊಡೆಯಿತು. ಮಕ್ಕಳು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಹೋದ ವರ್ಷ ನಾನೇ ಗೋಡೆಗೆ 'ಇಲ್ಲಿ ಮಾತಾಡಬಾರದು' ಎಂದು ಬರೆದು ಅಂಟಿಸಿದ್ದೆ. ಅದನ್ನು ಕಿತ್ತು ಮಡಚಿಟ್ಟು, ಅವರನ್ನು ಒಳಗೆ ಕರೆದೆ.