ಬೆಚ್ಚಗಿದ್ದ ಕಾಲಿಗೆ ಬಿಸಿ ಇಟ್ಟಂಗಿ

ಬೆನ್ನಿಗೆ ಸೂಜಿ ಕೊಟ್ಟು ಸಿಸೇರಿಯನ್ ಮಾಡುವಾಗ ಹೆಂಗಸಿನ ಮೈ ಎರಡು ಪಾಲಾಗುತ್ತದೆ. ಕೆಳಗಿನರ್ಧ ಬೆಚ್ಚಗಾಗುತ್ತದೆ, ಮೇಲಿನರ್ಧ ಗಡಗಡ ನಡುಗುತ್ತದೆ. ಔಷಧ ಇಳಿದ ಕೂಡಲೇ "ಕಾಲಿಗೆ ಬಿಸಿನೀರ ಸುರುವಿದಂಗ ಆತ್ರಿ" ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಕಾಲು ಇರುವುದೇ ಗೊತ್ತಾಗದೆ "ಥಂಡಿ, ಥಂಡಿ" ಎಂದು ಹಲ್ಲು ಕಟಕಟಿಸುತ್ತಾರೆ. ಇಷ್ಟನ್ನು ಬಾಣಂತಿಯ ಮನೆಯವರಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ರೋಣದ ಸಣ್ಣದೊಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್. ನಮ್ಮ ಕಡೆ ಬಾಣಂತಿಗೆ ಥಂಡಿ ಎಂದರೆ ಮೊದಲು ಕಾಲು ಕಾಯಿಸಬೇಕು. ಮಂಚದ ಕೆಳಗೆ ಕೆಂಡ ಇಟ್ಟುಕೊಂಡು ಬಾಣಂತನ ಮಾಡಿಸಿಕೊಂಡವರು ನನ್ನ ಮಾತು ಯಾಕೆ ಕೇಳಿಯಾರು?

ಬೆಳವಣಕಿ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿಗೆ ಚೊಚ್ಚಲ ಹೆರಿಗೆ. ಸೂಜಿಗೆ ಬಹಳ ಅಂಜಿದ್ದಳು. ಬೆನ್ನು ಬಾಗಿಸಿ, ಅವಳ ತಲೆಯನ್ನು ನನ್ನ ಹೆಗಲಿಗೆ ಒತ್ತಿಕೊಂಡು ಹಿಡಿದೆ. ಅವಳ ಉಗುರುಗಳು ನನ್ನ ತೋಳಿನಲ್ಲಿ ನಾಟಿದವು.

"ಅಕ್ಕಾರ, ನೀವ ನನ್ನ ಅವ್ವ ಇದ್ದಂಗ್ರಿ. ಬಿಟ್ಟ ಹೋಗಬ್ಯಾಡ್ರಿ."

"ಎಲ್ಲಿ ಹೋಗ್ಲೆವ್ವಾ, ಇಲ್ಲೇ ಇರ್ತೀನಿ" ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ.

ಹೆರಿಗೆಯಾಗಿ ವಾರ್ಡಿಗೆ ತಂದಾಗ ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಅವಳ ಅತ್ತೆಯ ಕೈ ಹಿಡಿದು ಸೊಸೆಯ ಪಾದದ ಮೇಲೆ ಇಟ್ಟು ತೋರಿಸಿದೆ. "ಮುಟ್ಟಿ ನೋಡ್ರಿ, ಕಾಲು ಬೆಚ್ಚಗ ಅದಾವು. ಜೋಮ ಹಿಡದೈತಿ, ಸುಟ್ಟರೂ ಗೊತ್ತಾಗಂಗಿಲ್ಲ. ಅಲ್ಲಿ ಏನೂ ಇಡಬ್ಯಾಡ್ರಿ, ಎದಿ ಮ್ಯಾಲ ಹೊಚ್ರಿ."

"ಹೌದ್ರಿ, ಹೌದ್ರಿ" ಎಂದರು.

ಇನ್ನೊಂದು ಕಂಬಳಿ ತರಲು ಹೋದವಳು ಪಕ್ಕದ ಕೋಣೆಯ ಸಲೈನ್ ಬದಲಿಸಿ ಬಂದೆ. ಅಷ್ಟರಲ್ಲಿ ಆಕೆ ಆಸ್ಪತ್ರೆಯ ಹಿತ್ತಲ ಒಲೆಗೆ ಹೂಡಿದ್ದ ಇಟ್ಟಿಗೆಗಳಲ್ಲಿ ಕಾದ ಇಟ್ಟಂಗಿಯೊಂದನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ತಂದು ಸೊಸೆಯ ಹಿಮ್ಮಡಿಗೆ ಒತ್ತಿಟ್ಟಿದ್ದರು. ಹೊದಿಕೆ ಎತ್ತಿದರೆ ನೆಲ್ಲಿಕಾಯಿ ಗಾತ್ರದ ಗುಳ್ಳೆ. ಹುಡುಗಿಗೆ ನೋವೇ ಇರಲಿಲ್ಲ, ನನ್ನ ಮುಖ ನೋಡಿ ಅಂಜಿದಳು.

ಡಾಕ್ಟರ್ ಬಂದು ಯಾರು ಇಟ್ಟದ್ದು ಎಂದರು.

"ಸಿಸ್ಟರ್ ಇಟ್ಟಾರ್ರಿ, ನಾವ್ಯಾಕ ಇಡೋಣು" ಎಂದು ಅತ್ತೆ ಒಂದೇ ಉಸಿರಿಗೆ ಹೇಳಿಬಿಟ್ಟರು. ನನಗೆ ನಗುವೇ ಬಂತು. ಹುಡುಗಿ ಎಚ್ಚರವಾಗಿದ್ದಳಲ್ಲ, ಎಲ್ಲ ಕಣ್ಣಾರೆ ನೋಡಿದ್ದಳಲ್ಲ. ಡಾಕ್ಟರ್ ಅವಳನ್ನೇ ಕೇಳಿದರು. ಅವಳು ಅತ್ತೆಯನ್ನು ನೋಡಿದಳು, ಕೂಸಿನ ಕುಂಚಿಗೆಯನ್ನು ನೋಡಿದಳು.

"ಸಿಸ್ಟರ್ ಇಟ್ಟಾರ್ರಿ" ಎಂದಳು.

ಅತ್ತೆಯ ಸುಳ್ಳೊಂದೇ ಆಗಿದ್ದರೆ ಕೊಡವಿಕೊಳ್ಳುತ್ತಿದ್ದೆ. ಇವಳ ಮಾತು ಎದೆಗೆ ಒದ್ದಂತಾಯಿತು. ನನ್ನ ತೋಳಿನ ಮೇಲೆ ಅವಳ ಉಗುರಿನ ಗುರುತು ಇನ್ನೂ ಕೆಂಪಗಿತ್ತು. ನನ್ನನ್ನು ಆಪರೇಶನ್ ಕೋಣೆಯಿಂದ ತೆಗೆದು ಹೊರಗೆ ಚೀಟಿ ಬರೆಯಲು ಕೂರಿಸಿದರು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲೂ ಯಾರೋ "ಇಟ್ಟಂಗಿ ಸಿಸ್ಟರ್" ಎಂದು ಬೆರಳು ತೋರಿಸಿದರು. ಸುದ್ದಿ ನರಗುಂದದ ತವರಿಗೂ ಮುಟ್ಟಿತು. ನನ್ನ ತಮ್ಮನ ಹೆಂಡತಿ ಹೆರಿಗೆಗೆ ಬೇರೆ ಆಸ್ಪತ್ರೆಗೆ ಹೋದಳು, ನನಗೆ ಹೇಳಲೂ ಇಲ್ಲ.

ಮೂರು ವರ್ಷದ ಮೇಲೆ ಆ ಹುಡುಗಿ ಎರಡನೆಯ ಹೆರಿಗೆಗೆ ಬಂದಳು. ಸೂಜಿ ಕೊಡುವಾಗ ಬಿಗಿಯಾಗಿ ಹಿಡಿಯಬಲ್ಲವರು ಬೇರೆ ಸಿಗದೆ ಅಷ್ಟರಲ್ಲಿ ನನ್ನನ್ನು ಮತ್ತೆ ಒಳಗೆ ಕರೆದಿದ್ದರು. ಮತ್ತೆ ಅದೇ ತಲೆ, ಅದೇ ಹೆಗಲು. ಸೂಜಿ ಇಳಿಯುವಾಗ ಅಲುಗಾಡಬಾರದು, ನನ್ನ ಸಿಟ್ಟಿಗೆ ಅಲ್ಲಿ ಜಾಗವಿರಲಿಲ್ಲ. ಗಟ್ಟಿಯಾಗಿ ಹಿಡಿದೆ. ಆದರೆ "ಇಲ್ಲೇ ಇರ್ತೀನಿ" ಎನ್ನಲಿಲ್ಲ.

ಎಲ್ಲ ಮುಗಿದು ಡಾಕ್ಟರ್ ಹೊರಗೆ ಹೋದ ಮೇಲೆ ಅವಳು ನಡುಗುತ್ತಲೇ ನನ್ನ ತೋಳು ಜಗ್ಗಿದಳು.

"ಅಕ್ಕಾರ, ವಾರ್ಡಿನಾಗ ನಮ್ಮತ್ತಿನ್ನ ಕಾಲ ಕಡೆ ಬರಗೊಡಬ್ಯಾಡ್ರಿ. ಮತ್ತ ಇಟ್ಟಂಗಿ ಇಟ್ಟಾರು."

"ಅವತ್ತ ಡಾಕ್ಟರ್ ಮುಂದ ಈ ಮಾತು ಯಾಕ ಬರಲಿಲ್ಲವ್ವಾ?"

ಅವಳು ಬಾಗಿಲ ಕಡೆ ನೋಡಿದಳು. "ಯಾರ ಮುಂದೂ ಅನಬ್ಯಾಡ್ರಿ" ಎಂದಳು.

ವಾರ್ಡಿಗೆ ತಂದು ಅವಳ ಎದೆಯ ಮೇಲೆ ಎರಡು ಕಂಬಳಿ ಹೊದಿಸಿದೆ. ಆಮೇಲೆ ಕಾಲಿನ ಕಡೆ ಸ್ಟೂಲು ಎಳೆದುಕೊಂಡು ಕುಳಿತೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಹಿಂದೆ ಸರಿದರು. ಹಿಮ್ಮಡಿಯ ಹಳೆಯ ಕಲೆಯ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಅವಳಿಗೆ ಗೊತ್ತಾಗಲಿಲ್ಲ.